ಅಮೋಘಿ ಸೋಸಿ ತಂದ ನೀರು

ಅಮೋಘಿಗೆ ಕಾಲೇಜಿನವರು ಸಂಬಳ ಕೊಡುತ್ತಿದ್ದುದು ಸತ್ತ ಹಾವುಗಳನ್ನು ಕಾಯಲಿಕ್ಕೆ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನಿಗೆ ಇದೇನು ಕಷ್ಟದ ಕೆಲಸವಲ್ಲ. ಹಾವುಗಳು ಮೇಯಲಿಕ್ಕೆ ಹೋಗುವುದಿಲ್ಲ, ಕಳ್ಳರು ಹೊಡಕೊಂಡು ಹೋಗುವುದಿಲ್ಲ, ತೋಳ ಬೀಳುವುದಿಲ್ಲ. ತೋಳವೂ ಅಲ್ಲೇ ಮೂಲೆಯಲ್ಲಿತ್ತು. ಹೊಟ್ಟೆಯಲ್ಲಿ ಹುಲ್ಲು ತುಂಬಿಸಿಕೊಂಡು, ಒಂದು ಗಾಜಿನ ಕಣ್ಣು ಕಳಕೊಂಡು, ಯಾರ ಮೇಲೂ ಸಿಟ್ಟಿಲ್ಲದಂತೆ ನಿಂತಿತ್ತು.

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಪೇಟೆ ದಾಟಿದರೆ ಸಿಗುವ ಆ ಕಾಲೇಜಿನಲ್ಲಿ ಮ್ಯೂಸಿಯಮ್ ಎಂದರೆ ಒಂದು ಉದ್ದನೆಯ ಕಲ್ಲಿನ ಕೋಣೆ. ಮುಂದಿನ ಭಾಗದಲ್ಲಿ ಬರಣಿಗಳ ಸಾಲು, ಹಿಂದಿನ ಭಾಗದಲ್ಲಿ ಎರಡು ಸೂಕ್ಷ್ಮದರ್ಶಕ ಇಟ್ಟಿದ್ದ ಪ್ರಯೋಗಶಾಲೆ, ನಡುವೆ ಒಂದು ಪರದೆ. ಸಂತೆಗೆ ಬಂದ ಮಂದಿ ಹಾವು ನೋಡಲಿಕ್ಕೆ ಇಣುಕುತ್ತಿದ್ದರು. "ಇದು ಕಚ್ಚತೈತೇನೋ ಅಣ್ಣಾ?" ಎಂದು ಕೇಳಿದರೆ ಅಮೋಘಿ ಮುಖ ಎತ್ತದೆ, "ಹಾವು ಕಚ್ಚೂದಿಲ್ಲ. ಮುಚ್ಚಳಾ ತೆಗದ್ರ ವಾಸನಿ ಕಚ್ಚತೈತಿ" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಇದೇ ಮಾತು ಹೇಳಿ ಹೇಳಿ ಅವನಿಗೇ ಅದರ ರುಚಿ ಹೋಗಿತ್ತು. ವಯಸ್ಸು ಐವತ್ತನಾಲ್ಕು. ಮೊಳಕಾಲು ಅದಕ್ಕಿಂತ ಹತ್ತು ವರ್ಷ ಹಿರಿಯವು.

ಹೀಗೆ ಸತ್ತವುಗಳ ನೆರಳಲ್ಲಿ ಸುಖವಾಗಿದ್ದವನನ್ನು ಬಿಸಿಲಿಗೆ ಎಳೆದವರು ಈರಯ್ಯ ಮಾಸ್ತರರು. ಎಪ್ಪತ್ತಾರನೆಯ ಇಸವಿಯ ಬೇಸಿಗೆಗೆ ಮೊದಲು ಧಾರವಾಡದಿಂದ ಬಂದ ಹೊಸ ಅಧ್ಯಾಪಕರು. ತೆಳ್ಳಗೆ, ಉದ್ದಕ್ಕೆ, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಬಂದ ಎಂಟು ದಿನಕ್ಕೇ, "ಸತ್ತದ್ದನ್ನ ಎಷ್ಟು ದಿನ ನೋಡೂದು? ಜೀವಂತ ಇದ್ದದ್ದನ್ನ ನೋಡ್ರಿ. ನಮ್ಮ ಸುತ್ತಲಿನ ನೀರು ನೋಡ್ರಿ" ಎಂದು ಹುಡುಗರ ತಲೆಗೆ ತುಂಬಿದರು. ಹಿಂದಿನ ಭಾಗದ ಪ್ರಯೋಗಶಾಲೆಯ ಧೂಳು ಹಾರಿತು. ಗುಜರಿಯ ರಸೂಲಸಾಬನ ಕಡೆಯಿಂದ ಒಂದೇ ಅಳತೆಯ ಹದಿಮೂರು ಬಾಟಲಿ ಬಂದವು. ಹನ್ನೆರಡು ಸಾಕೆಂದರೂ ಅವನು ಒಂದು ಹೆಚ್ಚಿಗೆ ಕೊಟ್ಟ. ಅದರ ಬಾಯಿ ಒಡೆದಿತ್ತು.

ಕೆಲಸ ಇಷ್ಟೇ. ಬಬಲೇಶ್ವರದ ಕಡೆ ಆರು ಬಾವಿ, ತಿಕೋಟಾದ ಕಡೆ ಆರು ಬಾವಿ. ಎಲ್ಲವೂ ಮೆಟ್ಟಿಲು ಇಳಿದು ಕೊಡ ತುಂಬುವ ಬಾವಿಗಳು. ವಾರಕ್ಕೊಮ್ಮೆ ಒಂದೊಂದರಿಂದ ಒಂದು ಬಾಟಲಿ ನೀರು ತರಬೇಕು. ಆ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಚುಕ್ಕೆಯಂಥ ಒಂದು ಜೀವ ಇರುತ್ತದೆ. ಮಾಸ್ತರರು ಅದಕ್ಕೆ ನೀರಚಿಗಟ ಎಂದು ಹೆಸರಿಟ್ಟಿದ್ದರು. ನಾರುಹುಣ್ಣಿನ ಹುಳದ ಮರಿ ಅದರ ಹೊಟ್ಟೆಯಲ್ಲಿ ಕೂತು ಕುಡಿಯುವವನ ಹೊಟ್ಟೆಗೆ ಹೋಗುತ್ತದೆ. ವರ್ಷ ತುಂಬುವಷ್ಟರಲ್ಲಿ ಮೊಳದುದ್ದದ ಹುಳವಾಗಿ ಕಾಲಿನಿಂದ ಹೊರಬೀಳುತ್ತದೆ. ಉರಿ ತಾಳದೆ ಆ ಮನುಷ್ಯ ಬಾವಿಗಿಳಿದು ಕಾಲು ತಂಪು ಮಾಡಿಕೊಂಡರೆ, ಹುಳ ನೀರಿಗೆ ಮತ್ತೆ ಮರಿ ಬಿಡುತ್ತದೆ. ಯಾವ ಬಾವಿಯಲ್ಲಿ ಎಷ್ಟು ನೀರಚಿಗಟ ಎಂದು ಎಣಿಸಿ ಬರೆಯುವುದು ವಿದ್ಯಾರ್ಥಿಗಳ ಪಾಲು.

ಎಣಿಸುವವಳು ಗುಲಶನ. ಕೊನೆಯ ವರ್ಷದವಳು, ಕಡಿಮೆ ಮಾತಿನವಳು, ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಹಚ್ಚಿ ಇನ್ನೊಂದು ಕಣ್ಣಿನಿಂದ ಇಡೀ ಕೋಣೆ ನೋಡಬಲ್ಲವಳು. ಬಬಲೇಶ್ವರದ ಆರು ಬಾಟಲಿ ಅಂಬಾದಾಸನ ಜವಾಬ್ದಾರಿ. ಅವನ ಊರೇ ಅದು. ತಿಕೋಟಾದ ಆರು ಬಾಟಲಿಗೆ ಯಾರೂ ಸಿಗದೆ ಮಾಸ್ತರರ ಕಣ್ಣು ಅಮೋಘಿಯ ಮೇಲೆ ಬಿತ್ತು.

"ನಿಮ್ಮ ಮಗಳನ್ನ ಅದs ಕಡೆ ಕೊಟ್ಟೀರಂತಲ್ಲ?"

"ಕೊಟ್ಟೇನ್ರಿ. ಹುಣಸಿಬಾವಿ ವಸ್ತಿಗೆ."

"ಹಂಗಾರ ಮಗಳನ್ನ ನೋಡಿಕೊಂಡು ಬಂದಂಗೂ ಆತು."

ಇದು ಈರಯ್ಯ ಮಾಸ್ತರರ ವ್ಯಾಪಾರದ ಜಾಣತನ. ಎದುರಿನವನ ಲಾಭವನ್ನು ಅವನಿಗಿಂತ ಮೊದಲು ತಾವೇ ಹುಡುಕಿ ಕೈಗಿಟ್ಟುಬಿಡುತ್ತಿದ್ದರು. ಬೇಡ ಎನ್ನಲಿಕ್ಕೆ ಬಾಯಿ ಇರುತ್ತಿರಲಿಲ್ಲ.

ಪ್ರತಿ ಬುಧವಾರ ಬೆಳಗಿನ ಬಸ್ಸು ಹಿಡಿದು ಅಮೋಘಿ ತಿಕೋಟಾಕ್ಕೆ ಹೋಗಲಾರಂಭಿಸಿದ. ಇಳಿದಮೇಲೆ ನಡಿಗೆ. ಒಂದೊಂದು ಬಾವಿಗೂ ನಲವತ್ತು ಐವತ್ತು ಮೆಟ್ಟಿಲು. ಇಳಿಯುವಾಗ ಮೊಳಕಾಲು ಬೈಯುತ್ತಿತ್ತು, ಹತ್ತುವಾಗ ಸುಮ್ಮನಾಗಿಬಿಡುತ್ತಿತ್ತು, ಅದು ಇನ್ನೂ ಕೆಟ್ಟದ್ದು. ಸಂಜೆಯ ಬಸ್ಸಿಗೆ ಆರು ಬಾಟಲಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಬರುವಾಗ ಕಂಡಕ್ಟರು, "ಏನ್ ಕಾಕಾ, ವಾರಾ ವಾರಾ ಬಾಟ್ಲಿ. ನಮಗೂ ಒಂದ್ ಗುಟುಕು ಹಾಕ್ರಿ" ಎನ್ನುತ್ತಿದ್ದ. "ಕುಡದ್ರ ಕಾಲಾಗ ಹುಳಾ ಬರತೈತಿ" ಎಂದು ಅಮೋಘಿ ನಿಜವನ್ನೇ ಹೇಳಿದರೂ ಬಸ್ಸೆಲ್ಲ ನಗುತ್ತಿತ್ತು.

ಹುಳ ಬಂದದ್ದು ಅವನ ಮಗಳ ಕಾಲಿನಲ್ಲಿಯೇ. ಮೂರನೆಯ ಬುಧವಾರ ಹೋದಾಗ ಬೋರವ್ವ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಕಾಲಿನ ಹರಡಿನ ಮೇಲೆ ಬೊಬ್ಬೆ ಒಡೆದು ಬಿಳಿಯ ದಾರದಂಥದ್ದು ಹೊರಗೆ ಬಂದಿತ್ತು. ಅದರ ತುದಿಯನ್ನು ಬೇವಿನ ಕಡ್ಡಿಗೆ ಸುತ್ತಿ ಕಟ್ಟಿದ್ದರು. ದಿನಕ್ಕೆ ಒಂದು ಸುತ್ತು, ಅದಕ್ಕಿಂತ ಹೆಚ್ಚು ಎಳೆದರೆ ಹರಿದು ಒಳಗೇ ಕೊಳೆಯುತ್ತದೆ.

"ಎಷ್ಟ್ ದಿನಾ ಆತ ಬೇ?"

"ಐದು ಸುತ್ತು ಆತು" ಎಂದಳು ಬೋರವ್ವ. "ನೀರಿಗೆ ಹೋಗೂದಾಗೂದಿಲ್ಲ. ಅತ್ತಿ ಮಾತಾಡೂದು ಬಿಟ್ಟಾಳ. ಅದೊಂದು ಚಲೋ ಆತು."

ಅಮೋಘಿಗೆ ನಗು ಬರಲಿಲ್ಲ. ಆಗಲೇ ಅವನು ಮಗಳಿಗೆ ಒಂದು ಮಾತು ಕೊಟ್ಟುಬಿಟ್ಟ. ತಾಲೂಕಿಗೆ ಬೋರು ಕೊರೆಯುವ ಯಂತ್ರ ಒಂದೇ ಬಂದಿತ್ತು, ಈ ಬೇಸಿಗೆಯಲ್ಲಿ ಆ ಭಾಗದ ಒಂದೇ ವಸ್ತಿಗೆ ಅದು ಹೋಗುವುದಿತ್ತು. ಯಾವ ವಸ್ತಿ ಎಂದು ಅಧಿಕಾರಿಗಳು ತಲೆ ಕೆಡಿಸಿಕೊಳ್ಳುತ್ತಿದ್ದಾಗ ಈರಯ್ಯ ಮಾಸ್ತರರು ಹೋಗಿ, "ನಮ್ಮ ಹುಡುಗರು ಎಣಿಸಿ ಕೊಡ್ತಾರ. ಯಾವ ಬಾವ್ಯಾಗ ನೀರಚಿಗಟ ಹೆಚ್ಚೋ ಅಲ್ಲಿಗೆ ಕೊಡ್ರಿ" ಎಂದು ಒಪ್ಪಿಸಿ ಬಂದಿದ್ದರು. ಪಟ್ಟಿ ಕೊಡಲಿಕ್ಕೆ ಒಂದು ಸೋಮವಾರ ಗೊತ್ತಾಗಿತ್ತು.

"ಯಂತ್ರ ಇಲ್ಲಿಗೇ ಬರತೈತಿ ತಗೋ" ಎಂದ ಅಮೋಘಿ. "ಇಷ್ಟು ಹುಳಾ ಇದ್ದ ಬಾವಿ ಬ್ಯಾರೆ ಯಾವುದೈತಿ? ನೀರು ಒಯ್ಯಾಂವಾ ನಾನs."

ಮಗಳು ನಂಬಿದಳು. ಅಪ್ಪ ಸರಕಾರದ ಕಡೆಯಿಂದ ಮಾತು ತಂದದ್ದು ಅದೇ ಮೊದಲು.

ಇನ್ನು ಅಮೋಘಿ ನೀರು ತುಂಬುತ್ತಿದ್ದ ಬಗೆಯನ್ನು ಹೇಳಬೇಕು. ಅವನ ಅವ್ವ ಸಣ್ಣಂದಿನಿಂದ ಒಂದು ರೀತಿ ಕಲಿಸಿದ್ದಳು. ಹೊಲದಲ್ಲಿ ನೀರಡಿಸಿದರೆ ನೀನು ಬೊಗಸೆಯಲ್ಲಿ ಎತ್ತಿ ಕುಡಿ, ಯಾರು ಕೇಳುತ್ತಾರೆ. ಆದರೆ ಮತ್ತೊಬ್ಬರಿಗೆಂದು ನೀರು ತುಂಬಿದರೆ ಸೋಸದೆ ತುಂಬಬೇಡ. ಅರಿವೆಯನ್ನು ಎರಡು ಮಡಿಕೆ ಮಾಡಿ ಪಾತ್ರೆಯ ಬಾಯಿಗೆ ಹಿಡಿ. ಸೋಸಿ ಆದಮೇಲೆ ಅರಿವೆಯನ್ನು ತಿರುವಿ ಅದೇ ಬಾವಿಯ ನೀರಿನಲ್ಲಿ ಜಾಲಿಸು, ಒಳಗೆ ಸಿಕ್ಕ ಜೀವ ತನ್ನ ಮನೆಗೆ ಹೋಗಲಿ. ಅಮೋಘಿಗೆ ಇದು ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋಗುವಷ್ಟು ಸಹಜ. ಹೊಸದಾಗಿ ಒಗೆದ ಬಿಳಿಯ ಅರಿವೆಯೊಂದು ಚೀಲದಲ್ಲಿ ಇರುತ್ತಿತ್ತು. ಅದರಲ್ಲೂ ಈ ನೀರು ಮಾಸ್ತರರಿಗೆ, ಕಲಿತ ಹುಡುಗಿಯ ಕೈಗೆ ಹೋಗುವಂಥದ್ದು. ಒಂದು ಕಸ ಕಡ್ಡಿ ಇರದಂತೆ, ಆರೂ ಬಾಟಲಿಯನ್ನು ಐದು ವಾರ ಸೋಸಿ ಸೋಸಿ ತಂದ.

ಗೋಡೆಯ ಕರಿಹಲಗೆಯ ಮೇಲೆ ಗುಲಶನ ಪ್ರತಿ ವಾರ ಲೆಕ್ಕ ಬರೆಯುತ್ತಿದ್ದಳು. ಬಬಲೇಶ್ವರದ ಸಾಲಿನಲ್ಲಿ ಮೂವತ್ತು, ಹದಿನೆಂಟು, ನಲವತ್ತೊಂದು. ತಿಕೋಟಾದ ಸಾಲಿನಲ್ಲಿ ಆರು ಸೊನ್ನೆ. ಅಮೋಘಿಗೆ ಅಂಕಿ ಓದಲು ಬರುತ್ತಿತ್ತು. ನೀರಚಿಗಟ ಕಣ್ಣಿಗೆ ಕಾಣದ್ದು, ಅರಿವೆಗೆ ಸಿಗುವಂಥದ್ದಲ್ಲ, ಹಲಗೆಯ ಮೇಲೆ ಬಾಟಲಿಯಲ್ಲಿ ಸಿಕ್ಕ ಕಸ ಕಡ್ಡಿಯ ತಪ್ಪುಗಳನ್ನು ಬರೆಯುತ್ತಾರೆ, ಅಂಬಾದಾಸ ಉಡಾಳ, ನನ್ನದು ಚೊಕ್ಕ ಕೈ ಎಂದು ಅವನು ತಿಳಿದುಕೊಂಡಿದ್ದ. ಒಂದೆರಡು ಸಲ ಆ ಹುಡುಗನಿಗೆ, "ನೀರು ತುಂಬೂದು ಕಲಿಯಪ್ಪಾ" ಎಂದು ಬುದ್ಧಿಯನ್ನೂ ಹೇಳಿದ್ದ.

ಮಾಸ್ತರರಿಗೆ ಸೊನ್ನೆ ಕಂಡು ಅನುಮಾನ ಬರಬೇಕಿತ್ತು. ಬರಲಿಲ್ಲ, ವಿಚಾರ ಬಂತು. ತಿಕೋಟಾದ ಮಣ್ಣಿನಲ್ಲಿ ಸುಣ್ಣ ಹೆಚ್ಚು, ಅದಕ್ಕೇ ನೀರಚಿಗಟ ಬದುಕುವುದಿಲ್ಲ ಎಂದು ಎರಡು ಪುಟ ಬರೆದಿಟ್ಟರು. ಮತ್ತೆ ಅಲ್ಲಿ ನಾರುಹುಣ್ಣು ಹೇಗೆ ಬಂತು ಎಂದು ಗುಲಶನ ಕೇಳಿದ್ದಕ್ಕೆ ಮೂರನೆಯ ಪುಟ ಬರೆದರು.

ಆರನೆಯ ಬುಧವಾರ ಅಮೋಘಿಯ ಮೊಳಕಾಲು ಬಾತು ಬಸ್ಸಿಗೆ ಹೋಗಲಾಗಲಿಲ್ಲ. ಮಧ್ಯಾಹ್ನ ಮ್ಯೂಸಿಯಮ್ಮಿನಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ. ಅಂಬಾದಾಸನ ಬಾಟಲಿ ಎಣಿಸುವ ಹೊತ್ತಿಗೆ ಅವನು ಯಾವಾಗಲೂ ದಾರಿಯಲ್ಲಿರುತ್ತಿದ್ದ, ಅವನದನ್ನು ಮಾರನೆಯ ದಿನ ಎಣಿಸುವಾಗ ಪರದೆ ಎಳೆದಿರುತ್ತಿತ್ತು. ಅಂದು ಪರದೆ ಸರಿದಿತ್ತು. ಗುಲಶನ ಅಂಬಾದಾಸನ ಬಾಟಲಿ ತಗೊಂಡು ಒಂದು ತೆಳು ರೇಶಿಮೆ ಬಟ್ಟೆಯ ಮೇಲೆ ಸುರಿದಳು. ಸೋಸಿದ ನೀರನ್ನು ಮೋರಿಗೆ ಚೆಲ್ಲಿದಳು. ಬಟ್ಟೆಯ ಮೇಲೆ ಉಳಿದದ್ದನ್ನು ಜೋಪಾನವಾಗಿ ಗಾಜಿಗೆ ತಟ್ಟಿಕೊಂಡಳು.

ಅಮೋಘಿ ಎದ್ದು ಕುಂಟುತ್ತ ಬಂದ.

"ಯವ್ವಾ, ಚಲೋ ನೀರು ಚೆಲ್ಲಿದೆಲ್ಲ."

"ನೀರು ಯಾರಿಗೆ ಬೇಕು ಕಾಕಾ? ಬೇಕಾದ್ದು ಇದು. ನೋಡ್ರಿ ಬೇಕಾದ್ರ."

ಅವನು ಬಗ್ಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಇಪ್ಪತ್ತೆರಡು ವರ್ಷ ಅದರ ಧೂಳು ಒರೆಸಿದ್ದ, ಒಳಗೆ ನೋಡಿದ್ದು ಅದೇ ಮೊದಲು. ಒಂಟಿ ಕಣ್ಣಿನ, ಬಾಲದ ಎರಡೂ ಬದಿಗೆ ತತ್ತಿಯ ಚೀಲ ಹೊತ್ತ ಒಂದು ಜೀವ ಜಿಗಿಯುತ್ತಿತ್ತು. ಐದು ವಾರ ತಾನು ಅರಿವೆ ತಿರುವಿ ಬಾವಿಗೆ ಜಾಲಿಸಿ ಬಂದದ್ದು ಇದನ್ನೇ.

"ಈ ಸೊನ್ನಿ ಅಂದ್ರ?" ಎಂದು ಹಲಗೆಯ ಕಡೆ ಕೈ ಮಾಡಿದ.

"ಅಲ್ಲಿ ಏನೂ ಇಲ್ಲಂತ. ಆ ಆರೂ ವಸ್ತಿಗೆ ಯಂತ್ರ ಹೋಗೂದಿಲ್ಲ."

ಅಮೋಘಿ ಮತ್ತೆ ಹೋಗಿ ಸ್ಟೂಲಿನ ಮೇಲೆ ಕೂತ. ಹೇಳಿದರೆ ಮಾಸ್ತರರ ಮೂರು ಪುಟ, ಹುಡುಗಿಯ ಐದು ವಾರ, ತನ್ನ ಮರ್ಯಾದೆ, ಎಲ್ಲ ನೀರಿಗೆ ಹೋಗುತ್ತವೆ. ಹೇಳದಿದ್ದರೆ ಮಗಳಿಗೆ ಕೊಟ್ಟ ಮಾತು ಹೋಗುತ್ತದೆ. ಇಂಥಲ್ಲಿ ಪೇಟೆಯ ಮಂದಿ ಮಾಡುವುದನ್ನೇ ಅವನೂ ಮಾಡಿದ: ಅರ್ಧ ಮಾಲು ಹೊರಗೆ ತೆಗೆದ, ಅರ್ಧ ಒಳಗಿಟ್ಟ.

"ಸರ್, ಹುಣಸಿಬಾವಿ ನೀರು ನಾ ಸೋಸಿ ತಂದೇನ್ರಿ. ಮಗಳ ಊರಿಂದಂತ."

ಈರಯ್ಯ ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು.

"ಪ್ರತಿ ವಾರಾ ಸೋಸೀರಿ?"

"ಹೂನ್ರಿ. ಎರಡು ಮಡಿಕಿ ಮಾಡಿ."

"ಎರಡು ಮಡಿಕಿ ಯಾಕ?"

"ಒಂದರಾಗ ಪೂರಾ ನಿಲ್ಲೂದಿಲ್ರಿ."

ಮಾಸ್ತರರು ಬೈಯಲಿಲ್ಲ. ಬೈದಿದ್ದರೆ ಅಮೋಘಿಗೆ ಹಗುರಾಗುತ್ತಿತ್ತು. ಅವರು ಒಂದು ಹಾಳೆ ಎಳಕೊಂಡು, ಎರಡು ಮಡಿಕೆಯ ಹತ್ತಿ ಅರಿವೆ ದಾಟಿ ಒಂದೂ ಬಂದಿಲ್ಲ ಎಂದು ಬರೆದುಕೊಂಡರು. ನಷ್ಟದಲ್ಲೂ ಏನೋ ಒಂದು ಉಳಿಸಿಕೊಳ್ಳುವ ಮನುಷ್ಯ. ಮಾರನೆಯ ದಿನ ಅಂಬಾದಾಸನನ್ನು ಹುಣಸಿಬಾವಿಗೆ ಅಟ್ಟಿದರು. ಗುಲಶನ ಎಣಿಸಿದಳು. ಐವತ್ತೆಂಟು.

ಬಬಲೇಶ್ವರದ ನಲವತ್ತೊಂದು ಕೆಳಗಿಳಿಯಿತು. ಶುಕ್ರವಾರ ಪಟ್ಟಿಯ ಮೊದಲ ಸಾಲಿನಲ್ಲಿ ಮಾಸ್ತರರ ದುಂಡು ಅಕ್ಷರದಲ್ಲಿ ಹುಣಸಿಬಾವಿ ವಸ್ತಿ ಎಂದು ಬಿತ್ತು. ಅಮೋಘಿ ಅದನ್ನು ಎರಡು ಸಲ ಓದಿದ. ಸಂತೋಷವಾಗಬೇಕಾಗಿತ್ತು. ಅವನಿಗೆ ನೆನಪಾದದ್ದು ಗಾಡಿಬಾವಿ. ಅದು ಅವನ ಸುತ್ತಿನ ಕೊನೆಯ ಬಾವಿ. ಅಲ್ಲಿ ಸಕ್ರವ್ವ ಎಂಬ ಮುದುಕಿ ಪ್ರತಿ ವಾರ ಅವನನ್ನು ಕೂರಿಸಿ ಮಜ್ಜಿಗೆ ಕೊಡುತ್ತಿದ್ದಳು. ಎರಡು ಕಾಲು, ಒಂದು ಮುಂಗೈ, ಮೂರು ಕಡೆ ಮೂರು ಕಡ್ಡಿ ಕಟ್ಟಿಕೊಂಡು ತೆವಳುತ್ತಲೇ ಬರುತ್ತಿದ್ದಳು. "ಈ ಹುಳಕ್ಕ ನನ್ನ ಬಿಟ್ರ ಬ್ಯಾರೆ ಮನಿ ಇಲ್ಲೋ ತಮ್ಮಾ" ಎನ್ನುತ್ತಿದ್ದಳು. ಪಟ್ಟಿಯಲ್ಲಿ ಗಾಡಿಬಾವಿಯ ಮುಂದೆ ಸೊನ್ನೆ ಹಾಗೇ ಇತ್ತು.

ಗುಲಶನ ಬಾಟಲಿ ತೊಳೆಯುತ್ತಿದ್ದವಳು ತಿರುಗಿ ನೋಡದೆ ಕೇಳಿದಳು. "ಕಾಕಾ, ಆರರಾಗ ಒಂದs ಯಾಕ ಸೋಸಿದ್ರಿ? ಐದು ಬಾಟ್ಲಿ ಹಂಗs ತುಂಬಿದ್ರ ಅದ್ರಾಗೂ ಸೊನ್ನಿ ಹೆಂಗ ಬಂತು?"

"ಮಗಳ ಊರು ಅಂತ ಹೇಳಿದ್ನೆಲ್ಲ ಯವ್ವಾ."

"ಹೇಳೀರಿ. ನಾ ಕೇಳಾಕತ್ತಿದ್ದು ಉಳಿದ ಐದು."

ಅಮೋಘಿ ಒಣಗಿದ ಬಾಟಲಿಯೊಂದನ್ನು ತಗೊಂಡು ಮತ್ತೆ ಒರೆಸಿದ. ಸುಣ್ಣ ಹೆಚ್ಚಂತಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮಾಸ್ತರರ ಮೂರು ಪುಟವೇ ಸಾಕ್ಷಿಗೆ ನಿಲ್ಲುತ್ತಿದ್ದವು. ಆದರೆ ಒಂದು ಸುಳ್ಳನ್ನು ಇಟ್ಟುಕೊಂಡರೆ ಅದನ್ನು ದಿನಾ ಎತ್ತಿ ಇಳಿಸಬೇಕು, ಮಜ್ಜಿಗೆ ಕೊಟ್ಟ ಮುದುಕಿಯ ಮುಂದೆ ಹೊತ್ತು ನಿಲ್ಲಬೇಕು. ಅವನ ಮೊಳಕಾಲಿಗೆ ಅಷ್ಟು ತ್ರಾಣ ಇರಲಿಲ್ಲ.

"ಎಲ್ಲಾ ಸೋಸೇನಿ" ಎಂದ. "ಯಾವ ಬಾವೀದೂ ಬಿಟ್ಟಿಲ್ಲ."

ಗುಲಶನ ನಲ್ಲಿ ನಿಲ್ಲಿಸಿದಳು. "ಸರ್‌ಗ ನೀವು ಹೇಳ್ತೀರೋ, ನಾ ಹೇಳ್ಲೋ?"

"ನಾ ಹೇಳ್ತೀನಿ. ನೀ ಸ್ವಲ್ಪ ಬಾಜೂಕ ನಿಂದ್ರು."

ಶನಿವಾರ ಅಂಬಾದಾಸ, ಗುಲಶನ, ಅಮೋಘಿ ಮೂವರೂ ತಿಕೋಟಾದ ಬಸ್ಸು ಹತ್ತಿದರು. ಉಳಿದ ಐದು ಬಾವಿ. ಬಾತ ಕಾಲನ್ನೇ ಊರುತ್ತ ಅಮೋಘಿ ದಾರಿ ತೋರಿಸಿದ. ಮೆಟ್ಟಿಲು ಇಳಿದವರು ಹುಡುಗರು. ಅಂಬಾದಾಸ ಬಾಟಲಿಯನ್ನು ನೀರಿನಲ್ಲಿ ಮುಳುಗಿಸಿ ಗುಳುಗುಳು ತುಂಬುವಾಗ ಮೇಲೆ ಕೂತ ಅಮೋಘಿಯ ಕೈ ತಾನಾಗಿ ಚೀಲದ ಕಡೆ ಹೋಯಿತು.

"ಏ ಕಾಕಾ, ಕೈ ಹೊರಗ ಇಡ್ರಿ" ಎಂದು ಕೆಳಗಿನಿಂದಲೇ ಕೂಗಿದ ಅಂಬಾದಾಸ. "ನೀರು ತುಂಬೂದು ನನಗ ನೀವs ಕಲಿಸೀರಿ."

ಗಾಡಿಬಾವಿಯಲ್ಲಿ ಸಕ್ರವ್ವ ಮೂವರಿಗೂ ಮಜ್ಜಿಗೆ ಕೊಟ್ಟಳು. ಹುಡುಗಿ ಕುಡಿಯಲಿಕ್ಕೆ ಹಿಂದೆ ಮುಂದೆ ನೋಡಿದ್ದನ್ನು ಕಂಡು, "ಕುಡಿ ಮಗಳs. ಮಂದಿಗೆ ಕೊಡೂದು ಸೋಸs ಕೊಡ್ತೀನಿ. ನಾ ಕುಡ್ಯೂದು ಸೋಸಾಕs ಬ್ಯಾಸರಾ" ಎಂದಳು. ಗುಲಶನ ಅಮೋಘಿಯನ್ನು ನೋಡಿದಳು. ಅವನು ಬಾವಿಯನ್ನು ನೋಡಿದ.

ಭಾನುವಾರ ಕಾಲೇಜಿಗೆ ರಜೆ. ಮ್ಯೂಸಿಯಮ್ಮಿನ ಬೀಗ ತೆಗೆದು ಅಮೋಘಿ ಬಾಗಿಲಲ್ಲಿ ಕೂತ. ಒಳಗೆ ಎಣಿಕೆ ನಡೆಯಿತು. ಇಪ್ಪತ್ತೆರಡು, ಮೂವತ್ತೈದು, ಹದಿನಾಲ್ಕು, ಇಪ್ಪತ್ತೊಂಬತ್ತು. ಇಷ್ಟರವರೆಗೆ ಹುಣಸಿಬಾವಿಯೇ ಮೇಲೆ. ಕೊನೆಯ ಬಾಟಲಿಗೆ ಗುಲಶನ ಎಣಿಸುತ್ತಲೇ ಹೋದಳು. ಎಪ್ಪತ್ತು ದಾಟಿದಾಗ ಅಮೋಘಿ ಕೇಳಿಸಿಕೊಳ್ಳುವುದನ್ನು ಬಿಟ್ಟು ಎದ್ದು ಹೋಗಿ ಬರಣಿಗಳ ಮೇಲಿನ ಧೂಳು ಒರೆಸಿದ. ತೊಂಬತ್ತಾರು.

ಪಟ್ಟಿ ಹೊಸದಾಗಿ ಬರೆದದ್ದಾಯಿತು. ಯಂತ್ರ ಗಾಡಿಬಾವಿಗೆ ಹೋಯಿತು. ಎರಡನೆಯದಾಗಿ ನಿಂತ ಹುಣಸಿಬಾವಿಗೆ ಏನಾದರೂ ಮಾಡಿಸಬೇಕೆಂದು ಮಾಸ್ತರರು ಅಧಿಕಾರಿಗಳ ಕಚೇರಿಗೆ ನಾಲ್ಕು ಸಲ ತಿರುಗಿದರು. ಕೊನೆಗೆ ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿ, ಮೇಲೆ ಹಗ್ಗ ಹಾಯಿಸಿ ಕೊಡ ಸೇದುವ ಒಂದು ಗಡಗಡಿ ಕೂರಿಸಲಿಕ್ಕೆ ಕಬ್ಬಿಣ, ಸಿಮೆಂಟು ಸಿಕ್ಕವು. ಕಲ್ಲು ಹೊರುವುದು ವಸ್ತಿಯವರದೇ. ಯಾರೂ ನೀರಿಗೆ ಕಾಲಿಡದಿದ್ದರೆ ಎರಡು ವರ್ಷದಲ್ಲಿ ಹುಳ ತಾನೇ ಹೋಗುತ್ತದೆ ಎಂದು ಮಾಸ್ತರರ ಲೆಕ್ಕ.

ಗೋಡೆ ಎದ್ದ ಮೇಲೆ ಅಮೋಘಿ ಮಗಳನ್ನು ನೋಡಲಿಕ್ಕೆ ಹೋದ. ಬೋರವ್ವನ ಕಾಲಿನ ಹುಳ ಪೂರ್ತಿ ಬಂದಿತ್ತು. ಹರಡಿನ ಮೇಲೆ ಒಂದು ಗುಳಿ, ನಡಿಗೆಯಲ್ಲಿ ಒಂದಿಷ್ಟು ಎಳೆತ. ಗಡಗಡಿಯ ಮುಂದೆ ನಿಂತು ಹಗ್ಗ ಜಗ್ಗುತ್ತಿದ್ದಳು.

"ತವರಮನಿಂದ ಸೀರಿ ತರ್ತಾರ" ಎಂದಳು ತಿರುಗದೆ. "ನೀ ಗ್ವಾಡಿ ತಂದಿ."

"ಕಾಲು ಹೆಂಗೈತಿ?"

"ಕಾಲು ಚಲೋ ಐತಿ. ಈಗ ರಟ್ಟಿ ಹೋಗ್ಯಾವು. ವಸ್ತಿ ಹೆಣಮಕ್ಕಳೆಲ್ಲಾ ನಿನ್ನ ಹೆಸರು ತಗೊಂಡs ಹಗ್ಗಾ ಜಗ್ಗಾಕತ್ತಾರ."

ಅಮೋಘಿ ಕಟ್ಟೆಯ ಮೇಲೆ ಕೂತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಬದಿಗಿಟ್ಟ. ಜೋಡಿಸದೆ ಹೇಳಿದ. "ನಾ ಸುಮ್ಮನ ಇದ್ದಿದ್ರ ಯಂತ್ರ ಇಲ್ಲಿಗೇ ಬರ್ತಿತ್ತು ಬೇ. ನಿಮ್ಮ ವಸ್ತೀದs ಹೆಸರು ಮೊದಲಿತ್ತು. ನಾನs ಬಾಯಿ ತೆಗದೆ."

ಹಗ್ಗ ನಿಂತಿತು. ಕೊಡ ಬಾವಿಯ ನಡುವೆ ತೂಗಿತು.

"ಯಾರಿಗೆ ಹೋತು?"

"ಗಾಡಿಬಾವಿಗೆ. ಸಕ್ರವ್ವ ಅಂತ ಒಬ್ಬಾಕಿ ಅದಾಳ."

"ಆಕಿಗೆ ಎಷ್ಟ್ ಹುಳಾ?"

"ಮೂರು."

ಬೋರವ್ವ ಮತ್ತೆ ಹಗ್ಗಕ್ಕೆ ಕೈ ಹಾಕಿದಳು. ಸಿಟ್ಟು ಬಂದಿತ್ತೋ, ದಣಿವೋ, ಅಮೋಘಿಗೆ ತಿಳಿಯಲಿಲ್ಲ. ಆಮೇಲೆ ಕೊಡ ಮೇಲೆಳೆದು ಅಪ್ಪನ ಕಾಲ ಬಳಿ ಕುಕ್ಕಿದಳು. ಖಾಲಿ ಕೊಡಗಳು ಇನ್ನೂ ನಾಲ್ಕು ಸಾಲಾಗಿದ್ದವು.

"ಏಳು" ಎಂದು ಹಗ್ಗದ ತುದಿ ಅವನ ಕೈಗೆ ಕೊಟ್ಟಳು. "ಮಾತು ಆಮೇಲೆ ಆಡೂನಂತ. ಮೊದಲ ಜಗ್ಗು."

ಅಮೋಘಿ ಎದ್ದು, ರುಮಾಲು ಬಿಗಿ ಮಾಡಿಕೊಂಡು, ಒಳ್ಳೆಯ ಕಾಲನ್ನು ಮುಂದೆ ಊರಿ ಜಗ್ಗಿದ. ಭಾರ ಇತ್ತು. ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.